ಕಳೆದುಹೋದ ಕುಲ, ಉಳಿದುಬಂದ ಹೆಸರು

ಇಸ್ರೇಲಿನ ‘ಕಳೆದುಹೋದ’ ಹತ್ತು ಕುಲಗಳ ಕುರಿತು ಆಧಾರಗಳಿಗಿಂತ ಊಹಾಪೋಹಗಳೇ ಹೆಚ್ಚು. ಮನಸ್ಸೆ ಕುಲದ ವಿಷಯ ಮಾತ್ರ ತುಸು ಭಿನ್ನ. ಅದರ ಒಳಪಂಗಡಗಳ ಹೆಸರುಗಳು ಬೈಬಲಿನಲ್ಲಷ್ಟೇ ಅಲ್ಲ, ಮಡಕೆಯ ಚೂರುಗಳ ಮೇಲೂ ದೊರೆತಿವೆ.

ಬೈಬಲಿನ ಪ್ರಕಾರ ಮನಸ್ಸೆಯು ಯೋಸೇಫನಿಗೆ ಈಜಿಪ್ಟಿನಲ್ಲಿ ಜನಿಸಿದ ಹಿರಿಯ ಪುತ್ರ. ‘ಮರೆಯುವಂತೆ ಮಾಡುವವನು’ ಎಂಬುದು ಹೆಸರಿನ ಅರ್ಥ. ಅಜ್ಜ ಯಾಕೋಬನು ಆಶೀರ್ವದಿಸುವಾಗ ಬಲಗೈಯನ್ನು ಕಿರಿಯವನಾದ ಎಫ್ರಾಯೀಮನ ತಲೆಯ ಮೇಲಿರಿಸಿದ. ಹೀಗೆ ಅಗ್ರಸ್ಥಾನ ತಪ್ಪಿದರೂ ಭೂಮಿಗೆ ಕೊರತೆಯಾಗಲಿಲ್ಲ. ಜೋರ್ಡನ್ ನದಿಯ ಪೂರ್ವದಲ್ಲಿ ಗಿಲ್ಯಾದ್, ಬಾಷಾನ್ ಸೀಮೆಗಳು, ಪಶ್ಚಿಮದಲ್ಲಿ ಶೆಕೆಮ್ ಸುತ್ತಲಿನ ಬೆಟ್ಟಪ್ರದೇಶ ಈ ಕುಲದ ಪಾಲಿಗೆ ಬಂದವು.

ಈ ಕುಲದ ಚಲ್ಪಹಾದನೆಂಬಾತ ಗಂಡು ಸಂತಾನವಿಲ್ಲದೆ ಮೃತಪಟ್ಟ. ಆತನ ಐವರು ಪುತ್ರಿಯರಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ ಮತ್ತು ತಿರ್ಚಾ ಮೋಶೆಯ ಮುಂದೆ ಸಮಸ್ತ ಸಮುದಾಯದ ಎದುರಿನಲ್ಲೇ ನಿಂತು ತಂದೆಯ ಪಾಲನ್ನು ಕೇಳಿದರೆಂದು ಅರಣ್ಯಕಾಂಡದ 27ನೇ ಅಧ್ಯಾಯ ಹೇಳುತ್ತದೆ. ಪಾಲು ದೊರೆಯಿತು. ಆದರೆ ಭೂಮಿ ಪರಕುಲಕ್ಕೆ ಹೋಗದಿರಲೆಂದು, ಸ್ವಕುಲದಲ್ಲೇ ವಿವಾಹವಾಗಬೇಕೆಂಬ ನಿರ್ಬಂಧವೂ ಬೆನ್ನಿಗೇ ಬಂದಿತು!

ಇದು ಕೇವಲ ಕಥೆಯೇ? 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಪ್ರಾಚೀನ ಸಮಾರ್ಯ ನಗರದ ಉತ್ಖನನ ನಡೆಸಿದಾಗ, ಕ್ರಿ.ಪೂ. 8ನೇ ಶತಮಾನದ ಬರಹವುಳ್ಳ ಮಡಕೆ ಚೂರುಗಳು ಸಿಕ್ಕವು. ಯಾವ ಊರಿನಿಂದ, ಯಾವ ವರ್ಷ, ಎಷ್ಟು ಹಳೆಯ ದ್ರಾಕ್ಷಾರಸ ಅಥವಾ ಎಣ್ಣೆ ರಾಜಧಾನಿಗೆ ಬಂದಿತೆಂಬ ಶುಷ್ಕ ಲೆಕ್ಕಪತ್ರಗಳವು. ಅವುಗಳಲ್ಲಿ ಅಬೀಯೆಜೆರ್, ಶೆಮೀದಾ ಮೊದಲಾದ ಮನಸ್ಸೆ ಪಂಗಡಗಳ ಜೊತೆಗೆ ನೋವಾ, ಹೊಗ್ಲಾ ಎಂಬ ಹೆಸರುಗಳೂ ಇವೆ. ಅಲ್ಲಿ ಅವು ವ್ಯಕ್ತಿಗಳ ಹೆಸರಲ್ಲ, ಸೀಮೆಗಳ ಹೆಸರು. ಆ ಸೀಮೆಗಳ ಹಕ್ಕನ್ನು ಸಮರ್ಥಿಸಲೆಂದೇ ಪುತ್ರಿಯರ ವೃತ್ತಾಂತ ರೂಪುಗೊಂಡಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಕ್ರಿ.ಪೂ. 732ರ ಸುಮಾರಿಗೆ ಅಸ್ಸೀರಿಯನ್ನರು ಜೋರ್ಡನ್ ಆಚೆಯ ಭಾಗವನ್ನು ಕಬಳಿಸಿದರು. ದಶಕದೊಳಗೆ ಸಮಾರ್ಯವೂ ಪತನವಾಯಿತು. 27,290 ಮಂದಿಯನ್ನು ಸೆರೆಯೊಯ್ದುದಾಗಿ ದೊರೆ ಎರಡನೇ ಸಾರ್ಗೋನನ ಶಾಸನ ಹೇಳಿಕೊಳ್ಳುತ್ತದೆ. ಎಂದರೆ ಎಲ್ಲರೂ ಹೋಗಲಿಲ್ಲ. ನಾಬ್ಲಸ್ ಬಳಿಯ ಗೆರಿಜೀಮ್ ಬೆಟ್ಟ ಮತ್ತು ಇಸ್ರೇಲಿನ ಹೋಲೋನ್‌ನಲ್ಲಿ ನೆಲೆಸಿರುವ, ಸಾವಿರಕ್ಕೂ ಕಡಿಮೆ ಸಂಖ್ಯೆಯ ಸಮಾರ್ಯರು ಇಂದಿಗೂ ತಮ್ಮನ್ನು ಎಫ್ರಾಯೀಮ್ ಮತ್ತು ಮನಸ್ಸೆಯ ವಂಶಸ್ಥರೆಂದೇ ಕರೆದುಕೊಳ್ಳುತ್ತಾರೆ.

ಇದೇ ವಂಶದ ಹಕ್ಕನ್ನು ಮಂಡಿಸುವ ಇನ್ನೊಂದು ಸಮುದಾಯ ನಮ್ಮ ಮಣಿಪುರ, ಮಿಜೋರಾಂಗಳಲ್ಲಿದೆ. ತಮ್ಮ ಹಾಡುಗಳಲ್ಲಿ ಬರುವ ‘ಮನ್ಮಸಿ’ ಎಂಬ ಪೂರ್ವಜನೇ ಮನಸ್ಸೆ ಎಂಬುದು ‘ಬ್ನೇ ಮೆನಾಷೆ’ಗಳ ನಂಬಿಕೆ. ಅವರ ಪೂರ್ವಜರು ಅಸ್ಸೀರಿಯಾದಿಂದ ಇಲ್ಲಿಗೆ ಬಂದರೆನ್ನಲು ಸಮಕಾಲೀನ ದಾಖಲೆಗಳಿಲ್ಲ. ಹೀಗಿದ್ದರೂ 2005ರಲ್ಲಿ ಇಸ್ರೇಲಿನ ಸೆಫಾರ್ಡಿ ಪ್ರಧಾನ ರಬ್ಬಿ ಶ್ಲೋಮೋ ಅಮಾರ್ ಅವರಿಗೆ ಮಾನ್ಯತೆ ನೀಡಿದರು. 2025ರ ನವೆಂಬರ್‌ನಲ್ಲಿ ಇಸ್ರೇಲ್ ಸರ್ಕಾರ, ಉಳಿದ ಸುಮಾರು 5,800 ಮಂದಿಯನ್ನು 2030ರೊಳಗೆ ಕರೆತರುವ ಯೋಜನೆಗೆ ಒಪ್ಪಿಗೆಯಿತ್ತಿತು. ಮಾನ್ಯತೆಯ ಜೊತೆಗೊಂದು ಷರತ್ತೂ ಇದೆ: ಮನಸ್ಸೆಯ ಮಕ್ಕಳೆಂದು ಕರೆಸಿಕೊಂಡವರೂ ಯಹೂದಿ ಧರ್ಮಕ್ಕೆ ವಿಧಿವತ್ತಾಗಿ ಮತಾಂತರ ಹೊಂದಲೇಬೇಕು.