ಲೂಯಿವಿಲ್: ಕುದುರೆ ಓಟದ ಊರು, ಅಲಿ ಹುಟ್ಟಿದ ಊರು

ಅಮೆರಿಕದ ಕೆಂಟಕಿ ರಾಜ್ಯದ ಅತಿ ದೊಡ್ಡ ನಗರ ಲೂಯಿವಿಲ್. 1778ರಲ್ಲಿ ಒಹಾಯೋ ನದಿಯ ದಂಡೆಯಲ್ಲಿ ತಲೆಯೆತ್ತಿದ ಈ ಊರಿಗೆ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಹೆಸರಿಟ್ಟರು. ಇಲ್ಲಿ ನದಿ ಬಂಡೆಗಳ ನಡುವೆ ರಭಸದಿಂದ ಇಳಿಯುತ್ತಿತ್ತು. ದೋಣಿಗಳು ನಿಂತು ಸರಕು ಇಳಿಸಬೇಕಾಗಿ ಬಂದು ಪೇಟೆ ಬೆಳೆಯಿತು.

ಊರಿನ ದೊಡ್ಡ ಹಬ್ಬ ಕೆಂಟಕಿ ಡರ್ಬಿ. ಮೇ ತಿಂಗಳ ಮೊದಲ ಶನಿವಾರ ಚರ್ಚಿಲ್ ಡೌನ್ಸ್ ರೇಸ್‌ಕೋರ್ಸಿನಲ್ಲಿ ಈ ಓಟ ನಡೆಯುವುದು ವಾಡಿಕೆ. ಮೂರು ವರ್ಷದ ಕುದುರೆಗಳು ಸುಮಾರು ಎರಡು ಕಿಲೋಮೀಟರ್ ಓಡುತ್ತವೆ. ಎರಡು ನಿಮಿಷದ ಆಸುಪಾಸಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಅಷ್ಟಕ್ಕಾಗಿ ಹೆಂಗಸರು ಅಗಲವಾದ ಹೂವಿನ ಟೋಪಿ ತೊಟ್ಟು ಬರುತ್ತಾರೆ, ಗೆದ್ದ ಕುದುರೆಯ ಹೆಗಲಿಗೆ ಕೆಂಗುಲಾಬಿಯ ಹೊದಿಕೆ ಬೀಳುತ್ತದೆ. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ 1 ನಿಮಿಷ 59.4 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ಆ ದಾಖಲೆಯನ್ನು ಇನ್ನೂ ಯಾವ ಕುದುರೆಯೂ ಮುರಿದಿಲ್ಲ.

1875ರ ಮೊದಲ ಡರ್ಬಿಯ 15 ಜಾಕಿಗಳಲ್ಲಿ 13 ಮಂದಿ ಕಪ್ಪುವರ್ಣೀಯರು. ಗೆದ್ದ ಅರಿಸ್ಟೈಡಿಸ್ ಕುದುರೆಯನ್ನು ಓಡಿಸಿದ ಆಲಿವರ್ ಲೂಯಿಸ್ ಕೂಡ ಅವರಲ್ಲೊಬ್ಬ. ಗುಲಾಮಗಿರಿಯ ಕಾಲದಲ್ಲಿ ಲಾಯಗಳ ಕೆಲಸ ಬಹುಪಾಲು ಕಪ್ಪು ಜನರ ಮೇಲೆಯೇ ಇದ್ದುದರಿಂದ ಕುದುರೆಯ ಮರ್ಮ ಅವರಿಗೆ ಕರತಲಾಮಲಕವಾಗಿತ್ತು. ಐಸಾಕ್ ಮರ್ಫಿ ಮೂರು ಬಾರಿ ಗೆದ್ದ. ಜಿಮ್ಮಿ ವಿಂಕ್‌ಫೀಲ್ಡ್ 1901 ಮತ್ತು 1902ರಲ್ಲಿ ಸತತವಾಗಿ ಗೆದ್ದ. ಆಮೇಲೆ ವರ್ಣಭೇದ ಬಿಗಿಯಾಯಿತು, ಬಿಳಿಯ ಜಾಕಿಗಳು ಒಟ್ಟಾಗಿ ಇವರನ್ನು ಕಣದಿಂದ ಹೊರದಬ್ಬಿದರು. 1921ರ ನಂತರ 2000ದವರೆಗೆ ಒಬ್ಬ ಕಪ್ಪು ಜಾಕಿಯೂ ಡರ್ಬಿಯಲ್ಲಿ ಸವಾರಿ ಮಾಡಲಿಲ್ಲ. ಡರ್ಬಿಯ ವೈಭವವನ್ನು ಹೇಳುವಾಗ ಈ ಅನ್ಯಾಯವನ್ನೂ ಹೇಳಲೇಬೇಕು.

ಬೇಸ್‌ಬಾಲ್ ಆಡುವವರಿಗೆ ಈ ಊರು ಗೊತ್ತಿರುವುದು ‘ಲೂಯಿವಿಲ್ ಸ್ಲಗರ್’ ಬ್ಯಾಟಿನಿಂದ. ಹಿಲರಿಕ್ ಮನೆತನದ ಮರಗೆಲಸದ ಅಂಗಡಿಯಲ್ಲಿ 1880ರ ದಶಕದಲ್ಲಿ ಅದರ ತಯಾರಿ ಶುರುವಾಯಿತು. ಈಗ ಅದರ ವಸ್ತುಸಂಗ್ರಹಾಲಯದ ಗೋಡೆಗೆ 120 ಅಡಿ ಎತ್ತರದ ಬ್ಯಾಟೊಂದನ್ನು ಒರಗಿಸಿ ನಿಲ್ಲಿಸಿದ್ದಾರೆ.

ಊರಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿದವನು ಮಾತ್ರ ಬಾಕ್ಸರ್ ಮುಹಮ್ಮದ್ ಅಲಿ. 1942ರ ಜನವರಿ 17ರಂದು ಇಲ್ಲಿ ಹುಟ್ಟಿದಾಗ ಅವನ ಹೆಸರು ಕ್ಯಾಸಿಯಸ್ ಕ್ಲೇ. ಹನ್ನೆರಡನೇ ವಯಸ್ಸಿನಲ್ಲಿ ಅವನ ಹೊಸ ಸೈಕಲ್ ಕಳುವಾಯಿತು. ಕಣ್ಣೀರು ಒರೆಸಿಕೊಳ್ಳುತ್ತ, ಕಳ್ಳ ಸಿಕ್ಕರೆ ಚಚ್ಚಿಹಾಕುತ್ತೇನೆಂದು ಪೊಲೀಸ್ ಅಧಿಕಾರಿ ಜೋ ಮಾರ್ಟಿನ್ ಎದುರು ಹುಡುಗ ಕೂಗಾಡಿದ. ಮೊದಲು ಹೊಡೆದಾಡುವುದನ್ನು ಕಲಿ ಎಂದ ಮಾರ್ಟಿನ್, ತಾನು ಬಾಕ್ಸಿಂಗ್ ಹೇಳಿಕೊಡುತ್ತಿದ್ದ ಗರಡಿಗೆ ಅವನನ್ನು ಸೇರಿಸಿಕೊಂಡ. ಆರು ವರ್ಷದಲ್ಲಿ, 1960ರ ರೋಮ್ ಒಲಿಂಪಿಕ್ಸಿನಲ್ಲಿ, ಹುಡುಗ ಚಿನ್ನ ಗೆದ್ದ. ಆ ಪದಕ ತೊಟ್ಟು ಮರಳಿದಾಗಲೂ ಊರಿನ ಎಷ್ಟೋ ಹೋಟೆಲುಗಳು ಕಪ್ಪು ಜನರಿಗೆ ಊಟ ಬಡಿಸುತ್ತಿರಲಿಲ್ಲ.

1964ರಲ್ಲಿ ಸಾನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಸೇನೆ ಸೇರಲು ನಿರಾಕರಿಸಿದ್ದಕ್ಕೆ ಪಟ್ಟ ಕಳೆದುಕೊಂಡ. ಮೂರೂವರೆ ವರ್ಷ ಕಣಕ್ಕಿಳಿಯಲು ಬಿಡಲಿಲ್ಲ; ಆ ನಿರಾಕರಣೆಗಾಗಿ ವಿಧಿಸಿದ್ದ ಶಿಕ್ಷೆಯನ್ನು 1971ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಕೆಡವಿ ಪಟ್ಟವನ್ನು ಮತ್ತೆ ಗೆದ್ದುಕೊಂಡ.

1978ರಲ್ಲಿ ಲೂಯಿವಿಲ್ ತನ್ನ ಬೀದಿಯೊಂದಕ್ಕೆ ಅಲಿಯ ಹೆಸರಿಟ್ಟಿತು. 2005ರಲ್ಲಿ ನದಿಯ ಬಳಿ ಅಲಿ ಕೇಂದ್ರ ತೆರೆಯಿತು. 2016ರಲ್ಲಿ ಅವನು ತೀರಿಕೊಂಡಾಗ ಶವಯಾತ್ರೆ ಹಾದ ಬೀದಿಗಳಲ್ಲಿ ಸಾವಿರಾರು ಜನ ಅವನ ಹೆಸರು ಕೂಗುತ್ತ ಹೂ ಎರಚಿದರು. 2019ರಿಂದ ನಗರದ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರು.