ಬಿ.ಎ. ತರಗತಿಗೆ ಸೇರುವ ಮುನ್ನ

ಮುಂಗಾರು ಹಿಡಿಯುವ ಕಾಲಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಅನೇಕ ಮನೆಗಳಲ್ಲಿ ಒಂದು ಹೊಸ ಚಿಂತೆ ತಲೆದೋರುವದು. ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸಬೇಕು, ಶುಲ್ಕವೆಷ್ಟು, ಯಾವ ಬಸ್ಸಿಗೆ ಹೋಗಿ ಯಾವ ಬಸ್ಸಿಗೆ ಬರಬೇಕು ಎಂಬ ವಿಚಾರ ದಿನವೂ ಊಟದ ಹೊತ್ತಿಗೆ ನಡೆಯುವದು. ಇವೆಲ್ಲ ಬೇಕಾದ ವಿಚಾರಗಳೇ ಸರಿ. ಆದರೆ ಕಲಾ ವಿಭಾಗಕ್ಕೆ ಸೇರುವ ಮಕ್ಕಳ ಮಟ್ಟಿಗೆ ಇವೆಲ್ಲಕ್ಕೂ ಮಿಗಿಲಾದ ಪ್ರಶ್ನೆಯೊಂದಿದೆ: ಅಲ್ಲಿ ಯಾವ ಯಾವ ವಿಷಯಗಳನ್ನು ಓದಬೇಕು? ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಹುಡುಕುವವರು ವಿರಳ.

ಕಾಲೇಜು ಸಿಕ್ಕುವದೇ ದೊಡ್ಡ ಭಾಗ್ಯವೆಂದು ಎಣಿಸುವ ಕಾಲವೊಂದಿತ್ತು. ೧೮೬೨ರಲ್ಲಿ ನಮ್ಮ ಜಿಲ್ಲೆ ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಮೇಲಣ ಶಿಕ್ಷಣ ಬಯಸಿದ ತರುಣರು ಮುಂಬಯಿಗೋ ಪುಣೆಗೋ ಹೋಗಬೇಕಾಗುತ್ತಿತ್ತು. ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ ಮೇಲೆ ದಾರಿ ತುಸು ಹತ್ತಿರವಾಯಿತು. ಧಾರವಾಡ ಸೀಮೆಯ ಹತ್ತಿಯು ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದ ಹಾದಿಯಲ್ಲಿಯೇ ನಮ್ಮ ಹುಡುಗರು ವಿದ್ಯೆಗಾಗಿ ಘಟ್ಟವೇರಿದರು. ಹಣವಿಲ್ಲದವರೂ ಹೆಣ್ಣುಮಕ್ಕಳೂ ಬಹುಮಟ್ಟಿಗೆ ಊರಲ್ಲಿಯೇ ಉಳಿದರು.

ಇಂದು ಆ ಕಷ್ಟವಿಲ್ಲ. ಕುಮಟೆಯಲ್ಲಿ ಡಾ. ಎ. ವಿ. ಬಾಳಿಗಾ ಕಾಲೇಜು ಇದೆ. ಹೊನ್ನಾವರದಲ್ಲಿ ೧೯೬೪ರಿಂದ ಎಸ್.ಡಿ.ಎಂ. ಕಾಲೇಜು ನಡೆದುಬಂದಿದೆ, ೧೯೧೯ರಲ್ಲಿ ಸ್ಥಾಪಿತವಾದ ಅಂಜುಮನ್ ಸಂಸ್ಥೆಯು ಭಟ್ಕಳದಲ್ಲಿ ಕಾಲೇಜನ್ನು ನಡೆಸುತ್ತಿದೆ. ಸರಕಾರಿ ಪ್ರಥಮ ದರ್ಜೆಯ ಕಾಲೇಜುಗಳೂ ಬಂದಿವೆ. ಇವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಮನೆಯಲ್ಲಿ ಉಂಡು, ಮನೆಯಲ್ಲಿ ಮಲಗಿ ಪದವೀಧರರಾಗುವ ಅನುಕೂಲ ಒದಗಿದೆ. ಆದುದರಿಂದ ಈಗ ಬೇಕಾದದ್ದು ಸೇರುವ ಸಾಹಸವಲ್ಲ, ಸೇರುವ ಮುಂಚಿನ ವಿವೇಕ.

ಬಿ.ಎ. ವಿದ್ಯಾರ್ಥಿಯು ಭಾಷೆಗಳ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಲ, ಸಾಹಿತ್ಯ ಮೊದಲಾದವುಗಳಲ್ಲಿ ಮೂರು ವಿಷಯಗಳನ್ನು ಆರಿಸಿಕೊಳ್ಳುತ್ತಾನೆ. ಎಲ್ಲ ಕಾಲೇಜುಗಳಲ್ಲಿ ಎಲ್ಲ ವಿಷಯಗಳೂ ಇರವು. ಇದ್ದರೂ ಬೇಕಾದ ಮೂರು ಒಂದೇ ಗುಂಪಿನಲ್ಲಿ ಸಿಕ್ಕಲಾರವು. ಅರ್ಜಿ ತುಂಬುವ ದಿನ ಸಾಲಿನಲ್ಲಿ ನಿಂತ ಹುಡುಗನು ಮುಂದಿನವನು ಬರೆದುದನ್ನೇ ತಾನೂ ಬರೆಯುವದುಂಟು. ಐದು ನಿಮಿಷದ ಆ ಬರವಣಿಗೆಯು ಮೂರು ವರುಷಗಳ ಓದನ್ನಷ್ಟೇ ಅಲ್ಲ, ಅದರಾಚೆಯ ಹಾದಿಯನ್ನೂ ಕಟ್ಟಿಹಾಕುವದು.

ಶರಾವತಿಯ ದಂಡೆಯ ಹಳ್ಳಿಯೊಂದರಿಂದ ಹೊನ್ನಾವರಕ್ಕೆ ಬರುವ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ಅರ್ಥಶಾಸ್ತ್ರದಲ್ಲಿ ಆಸಕ್ತಿ. ಆದರೆ ಗೆಳತಿಯ ಜೊತೆ ಬಿಡಲಾರದೆ ಅರ್ಥಶಾಸ್ತ್ರವಿಲ್ಲದ ಗುಂಪಿಗೆ ಸೇರುತ್ತಾಳೆ. ಮೂರು ವರುಷಗಳ ತರುವಾಯ ಎಂ.ಎ. ಓದಿ ಉಪನ್ಯಾಸಕಿಯಾಗುವ ಆಸೆ ಚಿಗುರುತ್ತದೆ. ಪದವಿಯಲ್ಲಿ ಓದಿದ ವಿಷಯಕ್ಕೇ ಸಾಮಾನ್ಯವಾಗಿ ಎಂ.ಎ. ಪ್ರವೇಶ ಎಂಬದು ಆಗ ತಿಳಿಯುತ್ತದೆ. ಗಂಡುಮಗನಾದರೆ ಇನ್ನೊಂದು ಹಾದಿ ಹುಡುಕಲು ಮನೆಯವರು ವರುಷ ಕಾದಾರು. ಹೆಣ್ಣುಮಗಳಿಗೆ ಆ ಒಂದು ವರುಷವನ್ನು ಕೊಡುವ ಮನೆಗಳು ಇಂದಿಗೂ ಎಷ್ಟಿವೆ? ತಪ್ಪು ಆಕೆಯ ಬುದ್ಧಿಯದಲ್ಲ, ಹೇಳುವವರಿಲ್ಲದ್ದೇ ತಪ್ಪು.

ಆದಕಾರಣ ಕೊನೆಯಿಂದ ಮೊದಲಿಗೆ ಯೋಚಿಸುವದು ಲೇಸು. ಪ್ರೌಢಶಾಲೆಯ ಶಿಕ್ಷಕರಾಗಬೇಕೆನ್ನುವವರು ಬಿ.ಎಡ್. ಮಾಡಬೇಕು. ಅದಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ನೂರಕ್ಕೆ ೫೦ ಅಂಕಗಳಿರಬೇಕು. ಮೀಸಲು ವರ್ಗದವರಿಗೆ ರಿಯಾಯಿತಿಯುಂಟು. ಬೋಧಿಸಬೇಕಾದ ವಿಷಯವನ್ನು ಪದವಿಯಲ್ಲಿ ಓದಿರುವದೂ ಅವಶ್ಯ. ವಕೀಲಿಗೆ ಯಾವ ಪದವಿಯಾದರೂ ಸಾಕು, ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೂ ಹಾಗೆಯೇ. ಇನ್ನೂ ಏನೂ ನಿಶ್ಚಯವಾಗಿಲ್ಲವೇ? ಚಿಂತೆಯಿಲ್ಲ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಅದು ಸಹಜ. ಅಂಥವರು ಮನಸ್ಸಿಗೆ ಹಿಡಿಸಿದ ಒಂದು ವಿಷಯ, ಉದ್ಯೋಗಕ್ಕೆ ದಾರಿಯಾಗುವ ಒಂದು ವಿಷಯ, ಬುದ್ಧಿಗೆ ಸಾಣೆ ಹಿಡಿಯುವ ಒಂದು ವಿಷಯ, ಹೀಗೆ ಆರಿಸಿದರೆ ಯಾವ ಬಾಗಿಲೂ ಪೂರಾ ಮುಚ್ಚಲಾರದು.

ಅಮೇರಿಕೆಯ ಹಾರ್ವರ್ಡ್ ಕಾಲೇಜಿನ ಕಥೆ ಇಲ್ಲಿ ಮನನೀಯ. ೧೮೬೯ರಿಂದ ೧೯೦೯ರ ವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ವಿದ್ಯಾರ್ಥಿಗಳಿಗೆ ಇಷ್ಟಬಂದುದನ್ನು ಓದುವ ಸ್ವಾತಂತ್ರ್ಯ ಕೊಟ್ಟರು. ಅನೇಕರು ಸುಲಭವಾದವುಗಳನ್ನೇ ಹೆಕ್ಕಿಕೊಂಡರು. ಅವರ ತರುವಾಯ ಬಂದ ಲಾರೆನ್ಸ್ ಲೋವೆಲ್ಲರು ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರವು ಎಂಬ ಕಟ್ಟಳೆ ತಂದರು. ಅಂಥ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗೆ ಸಲಹೆಗಾರರಾಗಿ ಒಬ್ಬ ಅಧ್ಯಾಪಕರನ್ನು ಗೊತ್ತುಪಡಿಸುವ ರೂಢಿಯಿದೆ. ನಮ್ಮಲ್ಲಿ ಅಷ್ಟು ಏರ್ಪಾಡಿಲ್ಲದಿದ್ದರೂ ಕೇಳಿದವರಿಗೆ ಹೇಳದ ಅಧ್ಯಾಪಕರು ಅಪರೂಪ. ಅರ್ಜಿಯ ಮುನ್ನ ಒಂದು ದಿನ ಕಾಲೇಜಿಗೆ ಹೋಗಿ, ಯಾವ ಗುಂಪುಗಳಿವೆ, ಯಾವ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆ ಎಂದು ವಿನಯದಿಂದ ಕೇಳತಕ್ಕದ್ದು.

ಅಣ್ಣ ಅಕ್ಕಂದಿರ ಅನುಭವವೊಂದನ್ನೇ ನಂಬುವದೂ ಸಲ್ಲದು. ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರುಷಗಳ ಪದವಿಯ ಕ್ರಮ ಬಂದಿತು. ೨೦೨೪ರಲ್ಲಿ ರಾಜ್ಯ ಸರಕಾರವು ಅದನ್ನು ಬಿಟ್ಟು ಮರಳಿ ಮೂರು ವರುಷಗಳ, ಆರು ಸೆಮಿಸ್ಟರುಗಳ ಪದವಿಯನ್ನು ತಂದಿತು. ನಿಯಮಗಳು ಬದಲಾಗುತ್ತಿರುವಾಗ ಆ ವರುಷದ ಪ್ರಕಟನೆಯನ್ನು ಕಣ್ಣಾರೆ ಓದುವದೇ ಕ್ಷೇಮ.

ವಿಷಯ ಗೊತ್ತಾದ ಮೇಲೆ ದಿನಚರ್ಯೆಯ ಮಾತು. ನಮ್ಮ ಕರಾವಳಿಯಲ್ಲಿ ಮೊದಲ ಸೆಮಿಸ್ಟರಿನ ಬಹುಭಾಗ ಮಳೆಯಲ್ಲಿಯೇ ಕಳೆಯುವದು. ಬಸ್ಸು ತಡವಾಗುವದು, ಹಳ್ಳ ತುಂಬುವದು, ರಜೆ ಘೋಷಣೆಯಾಗುವದು. ಹಾಜರಿಯೋ ನೂರಕ್ಕೆ ೭೫ ಇರಲೇಬೇಕು. ಆದುದರಿಂದ ಸಣ್ಣಪುಟ್ಟ ಕಾರಣಕ್ಕೆ ತರಗತಿ ತಪ್ಪಿಸಿ, ನಿಜವಾದ ಅಡಚಣೆಗೆ ಹಾಜರಿ ಸಾಲದಂತೆ ಮಾಡಿಕೊಳ್ಳಬಾರದು. ಬಸ್ಸಿನಲ್ಲಿ ಹೋಗಿಬರುವ ಎರಡು ತಾಸು ಹೋದರೆ ಓದಿಗೆ ಉಳಿಯುವ ಹೊತ್ತೆಷ್ಟು ಎಂಬದನ್ನು ಮೊದಲ ವಾರದಲ್ಲಿಯೇ ಲೆಕ್ಕಹಾಕಿ, ಅಂದಿನ ಪಾಠವನ್ನು ಅಂದೇ ಒಮ್ಮೆ ತಿರುವಿಹಾಕುವ ಅಭ್ಯಾಸವಿಟ್ಟುಕೊಳ್ಳಬೇಕು.

ಇನ್ನು ತಾಯಿತಂದೆಗಳಿಗೆ ಒಂದು ಬಿನ್ನಹ. ತಾವು ಕಾಲೇಜು ಕಾಣದವರೆಂದು ಹಿಂಜರಿಯಬೇಡಿರಿ. ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು, "ಈ ಮೂರನ್ನೇ ಏಕೆ ಆರಿಸಿದೆ? ಇದಾದ ಮೇಲೆ ಎಲ್ಲಿಗೆ ಹೋಗಬಹುದು?" ಎಂದು ಕೇಳಲು ಪದವಿ ಬೇಕಿಲ್ಲ. ಉತ್ತರ ತಡವರಿಸಿದರೆ ಬೈಯದೆ, ತಿಳಿದವರಲ್ಲಿಗೆ ಜೊತೆಗೆ ನಡೆಯಿರಿ. ಹಿಂದೆ ನಮ್ಮ ಹಿರಿಯರು ಮಕ್ಕಳನ್ನು ಘಟ್ಟದಾಚೆಗೆ ಕಳಿಸಿ ಕಾಗದದ ದಾರಿ ಕಾಯುತ್ತಿದ್ದರು. ಇಂದು ಮಗು ಸಂಜೆಗೆ ಮನೆಗೇ ಬರುವದು. ಆ ಸಂಜೆಗಳಲ್ಲಿ ಒಂದನ್ನು ಈ ಮಾತಿಗೆ ಮೀಸಲಿಟ್ಟರೆ ಮುಂದಿನ ಮೂರು ವರುಷಗಳು ಸಾರ್ಥಕವಾದಾವು.