ಅಪ್ಪನಿಗೆ ಸೆಲ್ ವಾಚು, ನನಗೆ ಚಾವಿ ವಾಚು

ಕಳೆದ ದೀಪಾವಳಿಗೆ ಹಾವೇರಿಗೆ ಹೋದಾಗ ಅಪ್ಪನಿಗೆ ಒಂದು ಹೊಸ ಕ್ವಾರ್ಟ್ಜ್ ವಾಚು ಒಯ್ದಿದ್ದೆ. ಬರುವಾಗ ಅವರ ಹಳೆಯ ಎಚ್‌ಎಂಟಿ ಜನತಾ ನನ್ನ ಕೈಯಲ್ಲಿತ್ತು. ಡೊಂಬಿವಲಿಯ ಗೆಳೆಯರು ಅದನ್ನು ನೋಡಿದಾಗಲೆಲ್ಲ ಕೇಳುತ್ತಾರೆ: ಚಾವಿ ಕೊಡುವ ವಾಚು ಒಳ್ಳೆಯದೋ, ಸೆಲ್ ಹಾಕುವ ವಾಚೋ? ನನ್ನ ಉತ್ತರ ಸ್ವಲ್ಪ ಉದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಈ ಜನತಾ ಕೊಂಡದ್ದು 1984ರಲ್ಲಿ, ಮಾಸ್ತರಿಕೆ ಸಿಕ್ಕ ಮೊದಲ ವರ್ಷ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಚಾವಿ ಕೊಡುವುದು ಅವರ ನಲವತ್ತು ವರ್ಷದ ರೂಢಿ. ಮೂರು ವರ್ಷದ ಹಿಂದೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ಈ ಕಾಯಿಲೆಯ ಗುಳಿಗೆಗೆ ವೇಳೆಯೇ ಮುಖ್ಯ. ಒಂದು ಡೋಸಿನ ಪರಿಣಾಮ ಇಳಿಯುವ ಹೊತ್ತಿಗೆ ಇನ್ನೊಂದು ಹೊಟ್ಟೆಗೆ ಬೀಳಬೇಕು. ತಡವಾದರೆ ಕೈಕಾಲು ಮಾತು ಕೇಳುವುದಿಲ್ಲ.

ಒಂದು ಮಧ್ಯಾಹ್ನ ಅಪ್ಪ ಗ್ರಂಥಾಲಯದಲ್ಲಿ ಪೇಪರ್ ಓದುತ್ತ ಕುಳಿತಿದ್ದರು. ಎರಡು ಗಂಟೆಯ ಗುಳಿಗೆ ಜೇಬಿನಲ್ಲೇ ಇತ್ತು. ವಾಚು ನೋಡಿದರೆ ಒಂದೂ ಇಪ್ಪತ್ತು. ಇನ್ನೂ ಹೊತ್ತಿದೆ ಎಂದು ಮತ್ತೆ ಓದತೊಡಗಿದರು. ವಾಚು ನಿಂತಿದೆ ಎಂದು ತಿಳಿದಾಗ ಮೂರೂವರೆ ಆಗಿತ್ತು. ಕುರ್ಚಿಯಿಂದ ಏಳಲು ಆಗಲಿಲ್ಲ. ಇಬ್ಬರು ಹಿಡಿದು ಮನೆಗೆ ತಂದುಬಿಟ್ಟರು. ಅಮ್ಮ ಫೋನು ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ.

"ಚಾವಿ ಪೂರಾ ತಿರುಗವಲ್ದು ತಮ್ಮಾ, ಬೆರಳಾಗ ಬಲಾ ಇಲ್ಲ" ಎಂದರು ಅಪ್ಪ. ವಾಚು ಕೆಟ್ಟಿರಲಿಲ್ಲ. ಅರ್ಧ ಚಾವಿಗೆ ಎಷ್ಟು ಓಡಬೇಕೋ ಅಷ್ಟು ಓಡಿ ನಿಂತಿತ್ತು.

ಇಲ್ಲಿ ಎರಡೂ ವಾಚುಗಳು ಒಳಗೆ ಹೇಗೆ ನಡೆಯುತ್ತವೆ ಎಂಬುದನ್ನು ತಿಳಿದುಕೊಳ್ಳಬೇಕು. ಚಾವಿ ವಾಚಿನಲ್ಲಿ ನಾವು ಪಕ್ಕದ ಗುಂಡಿ ತಿರುಗಿಸಿದಾಗ ಉಕ್ಕಿನ ಪಟ್ಟಿಯೊಂದು ಸುರುಳಿ ಸುತ್ತುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುವ ಬಲವೇ ಮುಳ್ಳುಗಳನ್ನು ನಡೆಸುತ್ತದೆ. ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆದು ತಡೆದು ಬಿಡುವುದು ಬ್ಯಾಲೆನ್ಸ್ ಚಕ್ರ. ಕೂದಲೆಳೆಯಂಥ ಸ್ಪ್ರಿಂಗಿನ ಆಸರೆಯಲ್ಲಿ ಅದು ಹಿಂದೆ ಮುಂದೆ ತೂಗುತ್ತದೆ. ಜನತಾದಲ್ಲಿ ಸೆಕೆಂಡಿಗೆ ಐದು ಬಡಿತ, ಅಂದರೆ ದಿನಕ್ಕೆ 4,32,000. ಪೂರ್ತಿ ಚಾವಿ ಕೊಟ್ಟರೆ ಒಂದೂವರೆ ದಿನ ಓಡುತ್ತದೆ. ಆಟೋಮ್ಯಾಟಿಕ್ ಎನ್ನುವುದೂ ಇದೇ ಜಾತಿ. ಕೈ ಆಡಿದಂತೆ ಒಳಗಿನ ತೂಕವೊಂದು ತಿರುಗಿ ತಾನೇ ಚಾವಿ ಕೊಟ್ಟುಕೊಳ್ಳುತ್ತದೆ. ಎರಡು ಮೂರು ದಿನ ತೆಗೆದಿಟ್ಟರೆ ಅದೂ ನಿಲ್ಲುತ್ತದೆ.

ಕ್ವಾರ್ಟ್ಜ್ ವಾಚಿನಲ್ಲಿ ಆ ಚಕ್ರದ ಜಾಗದಲ್ಲಿ ಒಂದು ಪುಟ್ಟ ಸ್ಫಟಿಕ. ಸೆಲ್ಲಿನ ವಿದ್ಯುತ್ತು ತಾಗಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಐಟಿಯವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಖುಷಿಯಾಗಬೇಕು, ಅದು ಎರಡರ ಹದಿನೈದನೇ ಘಾತ. ಚಿಪ್ಪು ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು. ಆ ಒಂದಕ್ಕೆ ಮುಳ್ಳು ಒಂದು ಹೆಜ್ಜೆ ಜಿಗಿಯುತ್ತದೆ. ಇಂಥ ಮೊದಲ ಕೈಗಡಿಯಾರ, ಸೈಕೋ ಆಸ್ಟ್ರಾನ್, 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಮಾರಾಟಕ್ಕೆ ಬಂತು. ಬೆಲೆ 4,50,000 ಯೆನ್. ಆಗ ಆ ಹಣಕ್ಕೆ ಸಣ್ಣ ಕಾರು ಬರುತ್ತಿತ್ತು. ಈಗ ಅದೇ ತಂತ್ರದ ವಾಚು ರೈಲ್ವೆ ಬ್ರಿಜ್ಜಿನ ಮೇಲೆ ಇನ್ನೂರು ರೂಪಾಯಿಗೆ ಸಿಗುತ್ತದೆ.

ನಿಖರತೆಯಲ್ಲಿ ಹೋಲಿಕೆಯೇ ಇಲ್ಲ. ಸಾಧಾರಣ ಕ್ವಾರ್ಟ್ಜ್ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ತಪ್ಪಬಹುದು. ಹಳೆಯ ಚಾವಿ ವಾಚು ಅಷ್ಟನ್ನು ಒಂದೇ ದಿನದಲ್ಲಿ ತಪ್ಪುತ್ತದೆ. ನನ್ನ ಜನತಾ ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುತ್ತದೆ. ದಿನದ 86,400 ಸೆಕೆಂಡಿನಲ್ಲಿ ಇಪ್ಪತ್ತು ದೊಡ್ಡದಲ್ಲ, ಆದರೆ ವಾರಕ್ಕೆ ಎರಡು ನಿಮಿಷ ದಾಟುತ್ತದೆ. ಅದನ್ನು ನಂಬಿ ಮೊದಲ ವಾರವೇ ಲೋಕಲ್ ತಪ್ಪಿಸಿಕೊಂಡೆ. ಈಗ ಪ್ರತಿ ಸೋಮವಾರ ಮೊಬೈಲ್ ನೋಡಿ ಸರಿಮಾಡುತ್ತೇನೆ.

ನಮ್ಮ ನಾಡಿನ ಕೈಗಡಿಯಾರದ ಕಥೆಯೂ ಇವೆರಡರ ನಡುವೆಯೇ ನಡೆದದ್ದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಆಮೇಲೆ ತುಮಕೂರಿಗೂ ಬಂತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಡುವುದು ಒಂದು ಮರ್ಯಾದೆಯಾಗಿತ್ತು. ಅಪ್ಪ ಜನತಾ ಕೊಂಡ 1984ರಲ್ಲೇ ಗಡಿಯಾಚೆಯ ಹೊಸೂರಿನ ಟೈಟಾನ್ ಕಂಪನಿ ಹುಟ್ಟಿತು. ಅದು ಕ್ವಾರ್ಟ್ಜನ್ನೇ ನಂಬಿಕೊಂಡು ಚಂದದ ಅಂಗಡಿಗಳ ಮೂಲಕ ಮಾರಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಕಾಲದ ಜೊತೆ ಓಡಲಾಗಲಿಲ್ಲ. 2016ರಲ್ಲಿ ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು.

ಇನ್ನು ಖರ್ಚು ಮತ್ತು ಆರೈಕೆ. ಕ್ವಾರ್ಟ್ಜಿಗೆ ಎರಡು ಮೂರು ವರ್ಷಕ್ಕೊಂದು ಸೆಲ್ ಸಾಕು. ನಿಂತ ಮೇಲೆ ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿಡಬೇಡಿ, ಸತ್ತ ಸೆಲ್ ಸೋರಿ ಒಳಗಿನ ಸರ್ಕ್ಯೂಟನ್ನು ತಿನ್ನುತ್ತದೆ. ಕೆಲವು ವಾಚುಗಳಲ್ಲಿ ಸೆಲ್ ಮುಗಿಯುವ ಮೊದಲು ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡು ಜಿಗಿದು ಎಚ್ಚರಿಸುತ್ತದೆ.

ಚಾವಿ ವಾಚನ್ನು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಸ್ಟೇಷನ್ ಹತ್ತಿರದ ರಿಪೇರಿ ಕಾಕಾ ನನ್ನಿಂದ ಒಂಬೈನೂರು ರೂಪಾಯಿ ತೆಗೆದುಕೊಂಡರು. ಅವರು ಹೇಳಿಕೊಟ್ಟದ್ದು ಇಷ್ಟು: ದಿನಾ ಒಂದೇ ಹೊತ್ತಿಗೆ ಚಾವಿ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ, ಕೈಯಿಂದ ಬಿಚ್ಚಿಟ್ಟು ಕೊಡಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಇಡಿ. ತಾರೀಖು ಇರುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ತಾರೀಖು ಬದಲಿಸಬೇಡಿ, ಆಗ ಹಲ್ಲುಚಕ್ರಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ.

ಒಮ್ಮೆ ಜನತಾ ಇದ್ದಕ್ಕಿದ್ದಂತೆ ದಿನಕ್ಕೆ ಎಂಟು ನಿಮಿಷ ಮುಂದೆ ಓಡತೊಡಗಿತು. ರಾತ್ರಿ ಬ್ಲೂಟೂತ್ ಸ್ಪೀಕರಿನ ಮೇಲಿಟ್ಟು ಮಲಗುತ್ತಿದ್ದೆ. ಸ್ಪೀಕರಿನ ಅಯಸ್ಕಾಂತಕ್ಕೆ ಆ ಕೂದಲೆಳೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಕಾ ಒಂದು ನೀಲಿ ಡಬ್ಬಿಯ ಮೇಲೆ ಹಿಡಿದು ಎತ್ತಿದರು, ಸರಿಯಾಯಿತು. ದುಡ್ಡು ಕೇಳಲಿಲ್ಲ.

ಇನ್ನೊಂದು ಅಂಗಡಿಯವರು ಮಾತ್ರ, "ಡಯಲ್ ಹಳದಿಯಾಗಿದೆ, ಹೊಸದು ಹಾಕಿಕೊಡುತ್ತೇವೆ" ಎಂದಿದ್ದರು. ಸದ್ಯ ಒಪ್ಪಲಿಲ್ಲ. ಆನ್‌ಲೈನಿನಲ್ಲಿ ಎಚ್‌ಎಂಟಿ ಹುಡುಕುವವರು ಎಚ್ಚರವಾಗಿರಿ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವವರು ಬಹಳ. ಸಂಗ್ರಾಹಕರು ಅಂಥದ್ದನ್ನು ನಮ್ಮ ಊರಿನ ಹೆಸರಿನಲ್ಲೇ 'ಮುಂಬೈ ಸ್ಪೆಷಲ್' ಎನ್ನುತ್ತಾರೆ. ಗುಲಾಬಿ, ಗಿಳಿಹಸಿರು ಡಯಲ್ ಕಂಡರೆ ಮೊದಲು ಅನುಮಾನಪಡಿ.

ಅಪ್ಪನಿಗೆ ಸ್ಮಾರ್ಟ್‌ವಾಚ್ ಯಾಕಲ್ಲ ಎಂದು ಕೇಳಬಹುದು. ಯೋಚಿಸಿದ್ದೆ. ಮೊಬೈಲಿನ ಅಲಾರಾಂ ಕೂಡ ಹಾಕಿಕೊಟ್ಟಿದ್ದೆ. ನಡುಗುವ ಬೆರಳಿಗೆ ಟಚ್ ಸ್ಕ್ರೀನ್ ಬಗ್ಗುವುದಿಲ್ಲ. ದಿನಾ ಚಾರ್ಜ್ ಮಾಡುವುದೆಂದರೆ ದಿನಾ ಚಾವಿ ಕೊಡುವುದಕ್ಕಿಂತ ಕಷ್ಟ. ಕೊನೆಗೆ ಕೊಂಡದ್ದು ದಪ್ಪ ಅಂಕಿಗಳ, ಎಳೆದರೆ ಹಿಗ್ಗುವ ಚೈನಿನ ಸಾದಾ ಕ್ವಾರ್ಟ್ಜ್, ಬೆಲ್ಟಿನ ಬಕಲ್ಲಿನ ಗೋಜೂ ಬೇಡವೆಂದು. ನಿಲ್ಲುವವರೆಗೆ ಕಾಯದೆ ಎರಡು ವರ್ಷಕ್ಕೊಮ್ಮೆ ಯುಗಾದಿಗೆ ಸೆಲ್ ಬದಲಿಸುವುದೆಂದು ಅಮ್ಮ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.

ಹಾಗಾದರೆ ಯಾವುದು ಒಳ್ಳೆಯದು? ಪರೀಕ್ಷೆ, ಪಾಳಿ ಕೆಲಸ, ಔಷಧಿ ಎಂದು ಸಮಯದ ಮೇಲೆ ನಿಜವಾಗಿ ಅವಲಂಬಿಸಿದವರಿಗೆ ಕ್ವಾರ್ಟ್ಜ್. ಒಂದೇ ವಾಚು, ಅದರ ಬಗ್ಗೆ ತಲೆಕೆಡಿಸಿಕೊಳ್ಳಬಾರದು ಎನ್ನುವವರಿಗೂ ಅದೇ. ಜೇಬಿನಲ್ಲಿ ಮೊಬೈಲ್ ಇದ್ದು, ವಾರಕ್ಕೆರಡು ನಿಮಿಷ ತಪ್ಪಿದರೂ ನಡೆಯುವ ನನ್ನಂಥವರಿಗೆ ಚಾವಿ ವಾಚು. ದುಬಾರಿಯದ್ದೇ ಹೆಚ್ಚು ಸರಿಯಾದ ಸಮಯ ತೋರಿಸುತ್ತದೆ ಎಂಬ ಲೆಕ್ಕ ಮಾತ್ರ ಬಿಟ್ಟುಬಿಡಿ.

ಹೊಸ ವಾಚು ಕೈಗೇರಿಸಿದಾಗ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದರು. "ಇದಕ್ಕ ಚಾವಿ ಕೊಡೂದ ಬ್ಯಾಡೇನು? ಮತ್ತ ಮುಂಜಾನೆ ಎದ್ದು ನಾ ಏನ್ ಮಾಡ್ಲಿ?" ಎಂದಿದ್ದರು. ನಾನು ಉತ್ತರ ಹೇಳಲಿಲ್ಲ. ಈಗ ಬೆಳಿಗ್ಗೆ ಏಳಕ್ಕೆ ಅವರೇ ಫೋನು ಮಾಡುತ್ತಾರೆ. ಗುಳಿಗೆ ತಗೊಂಡ್ರೇನು ಎಂದು ನಾನು ಕೇಳುವ ಮೊದಲೇ ಅವರು ಕೇಳುತ್ತಾರೆ: "ಚಾವಿ ಕೊಟ್ಟಿ ಏನಪಾ?"